ಅವ್ವನಿಗೆ ಹೇಳದ ಪರೀಕ್ಷೆ
ಜೀವಕೋಶಗಳಿಗೆ ಕಸುವು ಒದಗಿಸುವ ಮೈಟೊಕಾಂಡ್ರಿಯಾದ ಮೇಲೆ ನಾನು ಹದಿನೆಂಟು ವರ್ಷ ಕೆಲಸ ಮಾಡಿದ್ದೇನೆ. ಅದರಲ್ಲಿ ದೋಷವಿದ್ದರೆ ಕಣ್ಣು, ಕಿವಿ, ಸ್ನಾಯು ಯಾವುದಾದರೂ ಸೋಲಬಹುದು. ಮೈಟೊಕಾಂಡ್ರಿಯಾ ನಮಗೆ ಬರುವುದು ತಾಯಿಯಿಂದ ಮಾತ್ರ. ಎಷ್ಟೋ ಕುಟುಂಬಗಳಿಗೆ ಈ ಮಾತನ್ನು ತಣ್ಣಗೆ ಹೇಳಿದ್ದೆ.

ಒಂದು ಚಳಿಗಾಲದಲ್ಲಿ ಚಿಕ್ಕೋಡಿಯ ತಪಾಸಣಾ ಶಿಬಿರಕ್ಕೆ ರಾಯಬಾಗದ ಕಡೆಯ ಟ್ರ್ಯಾಕ್ಟರ್ ಚಾಲಕನೊಬ್ಬ ಬಂದ. ಎರಡೇ ತಿಂಗಳಲ್ಲಿ ಅವನ ಎರಡೂ ಕಣ್ಣು ಮಂಜಾಗಿದ್ದವು.

"ನಿಮ್ಮ ಮಾರಿ ಕಾಣವಲ್ದರಿ ಡಾಕ್ಟರ. ಬಾಜೂಕಿನ ಗ್ವಾಡಿ ಕಾಣತೈತಿ, ನಡುವ ಅಷ್ಟ ಖಾಲಿ," ಎಂದ. ತಾಯಿಯಿಂದ ಬರುವ ಆ ದೋಷ ಕಣ್ಣಿಗೆ ತಗಲಿದರೆ ಹೀಗೇ ನೋಟದ ನಡುಭಾಗ ಅಳಿಸಿಹೋಗುತ್ತದೆ.

ಅಂದು ಸಂಜೆ ಬೇಡಕಿಹಾಳದ ನಮ್ಮ ಮನೆಯಲ್ಲಿ ಉಣ್ಣುತ್ತ, ರೋಗಿಯ ಹೆಸರು ಹೇಳದೆ ಈ ಸಂಗತಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ನಮ್ಮಣ್ಣಗೂ ಹಿಂಗ ಆಗಿತ್ತಲ್ಲವಾ. ನಿಪ್ಪಾಣಿಯೊಳಗ ತಂಬಾಕ ತುಂಬಿಡೂ ವಖಾರಿಯೊಳಗ ದುಡೀತಿದ್ದ, ಅದರ ಘಾಟು ಬಡದು ಕಣ್ಣ ಹೋದೂ ಅಂದ್ರು ಎಲ್ಲಾರೂ. ಎದರಿಗೆ ಬಂದವರನ್ನ ಮಾರಿ ಓರೆ ಮಾಡಿ ನೋಡಾಂವ."

ಸೋದರಮಾವ ಕುರುಡನಾಗಿದ್ದನೆಂದು ನನಗೆ ಗೊತ್ತಿತ್ತು. ಹೇಗೆಂದು ಒಮ್ಮೆಯೂ ಕೇಳಿರಲಿಲ್ಲ.

ಅಜ್ಜಿಯಿಂದ ಮಾವನಿಗೆ ಬಂದದ್ದು ಅವ್ವನಿಗೂ ಬಂದಿರಬೇಕು. ಅವ್ವನಿಂದ ನನಗೆ, ತಮ್ಮನಿಗೆ. ಈ ರೋಗ ಹೆಚ್ಚಾಗಿ ಹಿಡಿಯುವುದು ಹರೆಯದ ಗಂಡಸರನ್ನು, ಅದರಲ್ಲೂ ಹೊಗೆ ಸೇದುವವರನ್ನು. ಹಾಲಿನ ಗಾಡಿ ಓಡಿಸುವ ತಮ್ಮ ಅಂಗಳದಲ್ಲಿ ಕೂತು ಬೀಡಿ ಸೇದುತ್ತಿದ್ದ.

ಪ್ರಯೋಗಾಲಯಕ್ಕೆ ಮರಳಿ ನನ್ನ ರಕ್ತವನ್ನೇ ಪರೀಕ್ಷೆಗೆ ಕೊಟ್ಟೆ. ಫಲಿತಾಂಶ ಬರುವವರೆಗೆ ಏನಾದರೊಂದು ನೆಪ ಮಾಡಿ ತಮ್ಮನಿಗೆ ಫೋನ್ ಮಾಡುತ್ತಿದ್ದೆ. ಅವನು ಎತ್ತದಿದ್ದರೆ, ಗಾಡಿ ಓಡಿಸುತ್ತಿರುವಾಗಲೇ ರಸ್ತೆ ಮಾಯವಾಗಿರಬಹುದೆಂದು ಹೆದರಿ ಮತ್ತೆ ಮತ್ತೆ ಕರೆ ಮಾಡುತ್ತಿದ್ದೆ.

ದೋಷ ನನ್ನಲ್ಲಿತ್ತು. ಅಂದರೆ ಅವನಲ್ಲೂ.

ಮರುದಿನವೇ ಊರಿಗೆ ಹೋಗಿ, ಅವನನ್ನು ಹೊಲದ ಬದುವಿಗೆ ಕರೆದೊಯ್ದು ಹೇಳಿದೆ.

"ಕಣ್ಣ ಹೋಗತಾವೇನಕ್ಕಾ?"

"ಹೋಗಽ ಹೋಗತಾವಂತಿಲ್ಲ. ನನಗೂ ಐತಿ, ಅವ್ವಗೂ ಐತಿ, ಇಬ್ಬರಿಗೂ ಏನೂ ಆಗಿಲ್ಲ. ಆದ್ರ ಬೀಡಿ ಬಿಡಬೇಕು. ಇವತ್ತಽ."

ಅವನು ಕಿಸೆಯೊಳಗಿನ ಬೀಡಿ ಕಟ್ಟು ತೆಗೆದು ನನ್ನ ಕೈಗಿಟ್ಟ. ಆಮೇಲೆ, "ಅವ್ವಗ ಹೇಳಬ್ಯಾಡ. ತನ್ನಿಂದ ಬಂತು ಅಂತ ಕೊರಗತಾಳ," ಎಂದ.

ನಾನು ಇಂದಿಗೂ ಹೇಳಿಲ್ಲ.

ಅವನು ಬೀಡಿ ಬಿಟ್ಟು ನಾಲ್ಕು ವರ್ಷವಾಯಿತು. ಹೋದ ತಿಂಗಳು ಕೊಗನೊಳ್ಳಿಯಿಂದ ಅವನ ಫೋನ್ ಬಂತು: "ಅಕ್ಕಾ, ಬಲಗಣ್ಣ ಮಬ್ಬ ಆಗೇತಿ."

ಗಾಡಿ ಅಲ್ಲೇ ನಿಲ್ಲಿಸೆಂದು ಕೂಗಿದೆ. ಮಧ್ಯಾಹ್ನದ ಹೊತ್ತಿಗೆ ಅವನನ್ನು ತಲುಪಿದೆ. ಹೆದ್ದಾರಿಯ ಬದಿಯ ಹೋಟೆಲಿನ ಬೆಂಚಿನ ಮೇಲೆ ಕೂರಿಸಿ, ಟಾರ್ಚು ಹಿಡಿದು ನೋಡಿದೆ. ರೆಪ್ಪೆಯೊಳಗೆ ಕಬ್ಬಿನ ಒಣಗರಿ, ರವದಿಯ ಒಂದು ಚೂರು ಸಿಕ್ಕಿಕೊಂಡಿತ್ತು. ತೆಗೆದು ಕಣ್ಣು ತೊಳೆದೆ. ದೂರದ ಫಲಕ ಓದಿಸಿದೆ. ಗಟ್ಟಿಯಾಗಿ ಓದಿ, ನಕ್ಕ. ನನಗೆ ನಗಲಾಗಲಿಲ್ಲ. ಎಡಗಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಓದು ಎಂದೆ.