ಮಹದೇವಮ್ಮನ ರೇಷ್ಮೆ ಪೆಟ್ಟಿಗೆ

ರೇಷ್ಮೆಹುಳುವಿನ ತಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದರೆ ಮಹದೇವಮ್ಮ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಸೊಪ್ಪು ಮೇಯುವ ಸದ್ದು ಕುಗ್ಗುತ್ತಲೇ ಎದ್ದು, “ಜ್ವರಕ್ಕೆ ಕೂತ್ಕತಾವೆ, ಇನ್ನು ತ್ಯಾವ ಆಗಕಿಲ್ಲ” ಎಂದು ಕಿಟಕಿ ತೆಗೆಯುತ್ತಿದ್ದರು. ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ಸುಮ್ಮನಾಗುವುದೇ ಜ್ವರ. ಆಗ ತೇವ ಹೆಚ್ಚಾದರೆ ಹುಳು ಸಾಯುತ್ತದೆ.

ಹುಳುಮನೆಗೆ ಹಾಕುವ ಔಷಧಿಪುಡಿಯನ್ನು ವರ್ಷಗಟ್ಟಲೆ ಉಸಿರಾಡಿ ಅವರ ಎದೆ ಕೆಟ್ಟಿತ್ತು. ಇನ್ನು ಒಳಗೆ ಹೋಗಲೇಬೇಡಿ ಎಂದರು ಡಾಕ್ಟರು. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನನ್ನ ಬಳಿಗೆ ಉಮ್ಮತ್ತೂರಿನಿಂದ ಬಂದು, “ನನ್ ಕಿವೀನ ಮಿಷನ್ನಿಗೆ ಹಾಕ್ಕೊಡಿ ಮೇಷ್ಟ್ರೆ” ಎಂದರು.

ಎರಡು ವರ್ಷ ಹಿಡಿಯಿತು. ಹುಳು ಸಾಕಲು ಮುಚ್ಚಿದ ಪೆಟ್ಟಿಗೆ, ಒಳಗೆ ಮೈಕು, ಪುಟ್ಟ ಕಂಪ್ಯೂಟರು. ಮೇಯುವ ಸದ್ದು ಇಳಿದರೆ ಅದೇ ತೇವ ನಿಲ್ಲಿಸಿ ಫ್ಯಾನು ತಿರುಗಿಸುತ್ತಿತ್ತು. ಹುಳು ಉಳಿದವು. ಪೇಟೆಂಟಿಗೆ ಅವರ ಹೆಸರಿನಲ್ಲಿ ಅರ್ಜಿ ಹಾಕಿದೆ.

ಪೇಟೆಂಟ್ ಕಚೇರಿಯಿಂದ ತಕರಾರು ಬಂತು: ತೇವ ಕಾಯುವ ಪೆಟ್ಟಿಗೆ ಹಳೆಯದು, ಹುಳುವಿನ ಸದ್ದು ಹಿಡಿಯುವ ಮೈಕೂ ಹಳೆಯದು, ಎರಡನ್ನೂ ಕೂಡಿಸುವುದು ಯಾರಿಗಾದರೂ ಹೊಳೆಯುತ್ತದೆ.

“ಹೊಳಿಯಂಗಿದ್ರೆ ಯಾಕೆ ಯಾರೂ ಮಾಡ್ನಿಲ್ಲ?” ಎಂದರು ಮಹದೇವಮ್ಮ. ವಿಚಾರಣೆಯಲ್ಲಿ ಇದನ್ನೇ ಹೇಳಿ, ಬೇರೇನೂ ಬೇಡ ಎಂದೆ.

ವಿಚಾರಣೆ ನಮ್ಮ ಕಾಲೇಜಿನ ಕಂಪ್ಯೂಟರಿನಲ್ಲೇ, ವಿಡಿಯೊ ಮೂಲಕ ನಡೆಯಿತು. ಅಧಿಕಾರಿ ಕನ್ನಡದವರೇ. ಸದ್ದು ಕೇಳುವ ಉಪಾಯ ಎಲ್ಲಿಂದ ಬಂತಮ್ಮ ಎಂದು ಮೆಲ್ಲಗೆ ಕೇಳಿದರು.

“ನಮ್ಮವ್ವ ಕಲಿಸಿದ್ದು ಸ್ವಾಮಿ. ನಮ್ಮೂರ್ಲಿ ಹುಳ ಸಾಕೋರೆಲ್ಲ ಹಿಂಗೇ ಕೇಳ್ಕತರೆ.”

ಅಧಿಕಾರಿ ಅದನ್ನು ಬರೆದುಕೊಂಡರು. ಊರಿಗೆಲ್ಲ ಗೊತ್ತಿದ್ದುದು ಹೊಸದಲ್ಲ, ಹೊಸದಲ್ಲದ್ದಕ್ಕೆ ಪೇಟೆಂಟಿಲ್ಲ.

ವಿಚಾರಣೆ ಮುಗಿಸಿ, ಚಾಮರಾಜನಗರದ ಮೇಲೆ ಮುಂದೆ ಹೋಗುವ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತಿದ್ದೆವು. “ಅದನ್ನ ಯಾಕೆ ಹೇಳಕ್ಕೋದ್ರಿ ಅಕ್ಕ?” ಎಂದೆ.

“ಕೇಳುದ್ರಲ್ಲ. ನಮ್ಮವ್ವಂದ ನಂದು ಅನ್ನಕಾಯ್ತದಾ?” ಎಂದು ಕೆಮ್ಮಿದರು. ಉಮ್ಮತ್ತೂರಿನ ಬಸ್ಸಿಗೆಂದು ಚಾಮರಾಜನಗರದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಕಂಬಿ ಹಿಡಿದು ನಿಂತು, “ನನ್ ಮ್ಯಾಲೆ ಕ್ವಾಪ್ವಾ ಮೇಷ್ಟ್ರೆ?” ಎಂದರು. ನಾನು ಫೋನು ನೋಡುತ್ತ ಕೂತೆ. ಹಿಂದಿನವರು ತಳ್ಳಿದರು, ಇಳಿದು ಹೋದರು.

ಮೂರು ವಾರಕ್ಕೆ ಉಸಿರು ಕಟ್ಟಿ ತೀರಿಕೊಂಡರು. ಪೆಟ್ಟಿಗೆ ಬಂದ ಮೇಲೂ ಅವರು ದಿನಕ್ಕೊಮ್ಮೆ ಹುಳುಮನೆಗೆ ಹೋಗಿಬರುತ್ತಿದ್ದರಂತೆ. ಮಣ್ಣಿಗೆ ಹೋದಾಗ ಗೊತ್ತಾಯಿತು.

ಆದೇಶ ಆಮೇಲೆ ಬಂತು. ಅರ್ಜಿ ತಿರಸ್ಕೃತ. ಇದು ಊರವರಿಗೆಲ್ಲ ಗೊತ್ತಿದ್ದ ಸಂಗತಿಯೆಂದು ಅರ್ಜಿದಾರರೇ ಒಪ್ಪಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಓದಿ ಮಡಚಿಟ್ಟೆ. ನನಗೆ ಕೋಪವಿಲ್ಲ ಎಂದು ಹೇಳುವುದಕ್ಕೆ ಅವರಿರಲಿಲ್ಲ.