ಚಿಕ್ಕನರಗುಂದದ ಸವಳು ಬಾವಿ

ಆ ನಾಗರಪಂಚಮಿಯ ಮಾತು ನಡೆದದ್ದು ರೋಣದ ನಮ್ಮ ಮನೆಯ ಅಡಿಗೆಮನೆಯಲ್ಲೋ ಪಡಸಾಲೆಯ ಜೋಕಾಲಿಯ ಹತ್ತಿರವೋ, ನನಗೆ ಖಚಿತವಿಲ್ಲ. ಅಕ್ಕ ಅಡಿಗೆಮನೆ ಎನ್ನುತ್ತಾಳೆ. ಆಗ ನಾನು ಅಲ್ಲಿರಲೇ ಇಲ್ಲ ಎಂದೂ ಸೇರಿಸುತ್ತಾಳೆ. ನನ್ನ ನೆನಪಿನಲ್ಲಿ ನಾನಿದ್ದೇನೆ, ಅದೂ ಬಹಳ ಮುಖ್ಯವಾದ ಒಂದು ಮಾತು ಆಡುತ್ತ. ಇಷ್ಟು ಅನುಕೂಲವಾದ ನೆನಪನ್ನು ನಂಬುವುದು ಕಷ್ಟ.

ಐವತ್ತರ ದಶಕದ ನಡುವಿನ ಯಾವುದೋ ಶ್ರಾವಣ. ನಾನು ಧಾರವಾಡದಲ್ಲಿ ಓದುತ್ತಿದ್ದೆ. ಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ಪದ್ಧತಿ. ಗಜೇಂದ್ರಗಡಕ್ಕೆ ಹೋಗಿ ಅಕ್ಕನನ್ನು ಕರೆತಂದವನು ನಾನೇ. ಅವಳ ಗಂಡನಿಗೆ ಅಲ್ಲಿ ಸೀರೆಯ ಅಂಗಡಿ. ಬೇಸಿಗೆಯಲ್ಲಿ ಅವರಿಗೆ ನಿದ್ದೆಯೇ ಬೇಡವಾಗಿತ್ತು. ನಸುಕಿನಲ್ಲೇ ಅಂಗಡಿ ತೆಗೆದು, ಬಂದವರಿಗೆಲ್ಲ ಸೀರೆಗಳನ್ನು ಹಾಗೇ ಕೊಟ್ಟುಬಿಟ್ಟು, ಗುಡ್ಡದ ಮೇಲೆ ಇನ್ನೊಂದು ಪೇಟೆ ಕಟ್ಟಿಸುವ ಮಾತಾಡಿದ್ದರು. ಮಳೆಗಾಲಕ್ಕೆ ಅದೇ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹಿಂದೆಯೂ ಒಮ್ಮೆ ಹೀಗೇ ಆಗಿತ್ತು. ಅಕ್ಕನನ್ನು ತಿರುಗಿ ಕಳಿಸಬೇಕೋ ಬೇಡವೋ ಎಂಬುದೇ ಆ ಹಬ್ಬದ ಪ್ರಶ್ನೆ. ಅವ್ವ ಬೇಡ ಅಂದಿದ್ದಳು. ಅಕ್ಕನನ್ನು ಯಾರೂ ಕೇಳಿರಲಿಲ್ಲ.

ಪಂಚಮಿಗೆ ಮೊದಲು ರೊಟ್ಟಿ ಹಬ್ಬ. ಜೋಳದ, ಸಜ್ಜೆಯ ತೆಳ್ಳನೆಯ, ದಿನಗಟ್ಟಲೆ ಕೆಡದ ಕಟಕ ರೊಟ್ಟಿ ಮಾಡಿ, ಮೇಲೆ ಪಲ್ಯ, ಶೇಂಗಾ ಚಟ್ನಿ ಇಟ್ಟು ಮನೆಮನೆಗೆ ಬೀರುತ್ತಾರೆ. ರೊಟ್ಟಿ ತಂದ ಹೆಂಗಸರೆಲ್ಲ ಅಳಿಯನ ಸುದ್ದಿ ಕೇಳುವವರೇ. ಅಕ್ಕ ಒಲೆಯ ಮುಂದಿನಿಂದ ಏಳಲೇ ಇಲ್ಲ. ರೊಟ್ಟಿ ಬಡಿಯುತ್ತಲೇ ಇದ್ದಳು. ಆ ಸಪ್ಪಳದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಅಪ್ಪನ ಅಕ್ಕ, ನಮ್ಮ ಅತ್ತಿ, ನರಗುಂದದ ಹತ್ತಿರದ ಚಿಕ್ಕನರಗುಂದದಿಂದ ಬಂದಿದ್ದಳು. ತಲೆ ನೆರೆತಿದ್ದರೂ ತವರಿನ ಜೋಕಾಲಿ ಬಿಟ್ಟವಳಲ್ಲ. ಅವ್ವ ಗಾಳಿ, ಮಾಟ ಎಂದು ಏನೋ ಹೇಳುತ್ತಿದ್ದಳು. ನಾನು ತಡೆದು, ಇದು ರೋಗ, ಏರುವುದೂ ಇಳಿಯುವುದೂ ಒಂದೇ ರೋಗ, ಪುಸ್ತಕದಲ್ಲಿ ಅದಕ್ಕೆ ಹೆಸರಿದೆ ಎಂದೆ. ಅಕ್ಕನ ಪ್ರಕಾರ ಇದನ್ನು ನಾನು ಬಸ್ಸಿನಲ್ಲೇ ಅವಳಿಗೆ ಹೇಳಿದ್ದೆ. ಇರಬಹುದು. ಮುಂದಿನ ಎರಡು ಮಾತುಗಳಲ್ಲಿ ಮಾತ್ರ ನಮಗೆ ಭೇದವಿಲ್ಲ. ಅಕ್ಕ ಬಡಿಯುವುದನ್ನು ನಿಲ್ಲಿಸಿ ಕೇಳಿದಳು:

"ಹೆಸರೈತಿ ಅಂದ್ರ, ಮತ್ಯಾರಿಗರೆ ಬಂದಿರಬೇಕಲ್ಲ?"

ಅತ್ತಿ ಅಂದಳು: "ನಿಮ್ಮ ಮಾವಗ ಬಂದಿತ್ತು."

ಅದು ಅಪ್ಪನಿಗೂ ಗೊತ್ತಿರಲಿಲ್ಲ. ನಾವು ಕಂಡ ಮಾವ, ಅತ್ತಿಯ ಗಂಡ, ಮೆತ್ತಗೆ ಮಾತಾಡುವ ರೈತ. ಮದುವೆಯ ಹೊಸತರಲ್ಲಿ ಅವರು ಒಂದು ಹಂಗಾಮು ಮಲಗದೆ, ಹೊಲದಲ್ಲಿ ಬಾವಿ ತೋಡಿಸಲು ಹಿಡಿದರಂತೆ. ಆ ನೆಲದ ನೀರು ಸವಳು, ಬಾಯಿಗಿಡಲಾರದಷ್ಟು ಉಪ್ಪು ಎಂದು ಊರಿಗೆಲ್ಲ ಗೊತ್ತು. ಅರ್ಧ ತೋಡಿಸಿ ಹಾಸಿಗೆ ಹಿಡಿದರು. ನಿನ್ನ ಗಂಡ ಪಾತಾಳಕ್ಕೆ ಹಾದಿ ಮಾಡಿದ್ದಾನೆ ಎಂದು ಕೇರಿಯವರು ಚುಚ್ಚಿದಾಗ ಅತ್ತಿಯೂ ಹಬ್ಬದ ನೆಪ ಹೇಳಿ ಇದೇ ಮನೆಗೆ ಬಂದಿದ್ದಳು. ಆಮೇಲೆ ತಿರುಗಿ ಹೋದಳು. ಸುಗ್ಗಿಯ ಹೊತ್ತಿಗೆ ಮಾವ ಎದ್ದು ಕೂತರು. ಆ ತಗ್ಗನ್ನು ನೋಡಿ ನಾಚಿದರು. ಮುಂದಿನ ವರ್ಷ ಬಾವಿ ಮುಗಿಸಿದರು.

ನೀರು ಬಂತೇ ಎಂದು ಅವ್ವ ಕೇಳಿದಳು.

"ಬಂತು. ಎಮ್ಮಿ ಸುದ್ದಾ ಮಾರಿ ತಿರುವತಾವ. ಆದ್ರ ಮುಗಿಸ್ಯಾರ ನೋಡು."

ಅಕ್ಕ ನಕ್ಕಳು. ಅವಳು ನಕ್ಕದ್ದು ಆ ಹಬ್ಬದಲ್ಲಿ ಅದೇ ಮೊದಲು. ಅತ್ತಿ ಅವಳ ಹತ್ತಿರ ಸರಿದು ಕೂತಳು.

"ನಿನ್ನ ಮನೆಯವರು ಎಲ್ಲೂ ಹೋಗಿಲ್ಲವ್ವಾ, ತಿರುಗಿ ಬರ್ತಾರ. ಚಲೋ ಇದ್ದಾಗ ಅವರನ್ನ ಕೇಳು, ಹಂಗಾದಾಗ ನಾ ಏನ್ ಮಾಡ್ಲಿ ಅಂತ. ಅವರೇ ಹೇಳ್ತಾರ. ಈ ರೊಟ್ಟಿ ಕಟಗೊಂಡು ಹೋಗು. ಒಲಿ ಹಚ್ಚಾಕ ಕೈ ಏಳದ ದಿವಸ ನೀ ಮೊದಲ ಉಣ್ಣು. ತಡೀಲಿಕ್ಕೆ ಆಗದಿದ್ರ ನನಗ ಹೇಳಿ ಕಳಸು."

ದವಾಖಾನೆಗೂ ತೋರಿಸಬೇಕು ಎಂದು ನಾನು ಹಟ ಹಿಡಿದೆ. ತೋರಿಸ್ರಿ, ನಮ್ಮ ಕಾಲಕ್ಕೆ ಯಾರು ಹೇಳುವವರಿದ್ದರು ಎಂದಳು ಅತ್ತಿ.

ಹಬ್ಬ ಮುಗಿದ ಮೇಲೆ ಅಕ್ಕ ತಾನೇ ಹೋಗುತ್ತೇನೆ ಎಂದಳು. ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಮುರಿಯದಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ದೀಪಾವಳಿಗೆ ಅಂಗಡಿ ತೆರೆಯಿತು. ನಿದ್ದೆ ತಪ್ಪತೊಡಗಿದ ದಿನವೇ ಅಂಗಡಿಯ ಕೀಲಿ ತನ್ನಿಂದ ಇಸಿದುಕೋ ಎಂದು ಭಾವನವರೇ ಅಕ್ಕನಿಗೆ ಹೇಳಿದರಂತೆ. ರೋಗ ಮತ್ತೆ ಬಂತು, ಒಂದಲ್ಲ ಹಲವು ಸಲ. ಪ್ರತಿ ಸಲವೂ ಅವರು ತಿರುಗಿ ಬಂದರು. ಕೆಲವು ಸಲ ಬಹಳ ತಡವಾಗಿ.

ಅತ್ತಿ ತೀರಿಕೊಂಡ ಮೇಲೆ ನನಗೊಂದು ಸಂಶಯ ಕಾಡತೊಡಗಿತು: ಅಕ್ಕನ ಸಮಾಧಾನಕ್ಕೆ ಅವಳು ಆ ಬಾವಿಯನ್ನೇ ಕಟ್ಟಿ ಹೇಳಿರಬಹುದೇ? ಒಮ್ಮೆ ನರಗುಂದಕ್ಕೆ ಹೋದವನು ಚಿಕ್ಕನರಗುಂದಕ್ಕೂ ಹೋದೆ. ಮಾವನ ಹೊಲ ಮಾಡುತ್ತಿದ್ದವರು ಕರೆದುಕೊಂಡು ಹೋಗಿ ತೋರಿಸಿದರು. ಬಾವಿ ಇತ್ತು. ತಳದಿಂದ ಬಾಯಿಯವರೆಗೆ ಕಲ್ಲು ಕಟ್ಟಿ ಮುಗಿಸಿದ್ದರು. ನೀರು ಸೇದಿಸಿ ಬಾಯಿಗೆ ಹಾಕಿಕೊಂಡೆ. ಸವಳು.