ಗುಡಿಗೆ ಮೀಸಲಿಟ್ಟ ನಗು

ಅಪ್ಪ ಮನೆಯಲ್ಲಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಮಾನ್ವಿಯ ರೈಸ್ ಮಿಲ್ಲಿನಲ್ಲಿ ದಿನವಿಡೀ ತೌಡಿನ ಧೂಳು ಕುಡಿದು ಬಂದವನು ಮುಖ ಗಂಟು ಹಾಕಿಕೊಂಡೇ ಉಣ್ಣುತ್ತಿದ್ದ. ಅದೇ ಮನುಷ್ಯ ಸೋಮವಾರ ಬಸವಣ್ಣನ ಗುಡಿಯಲ್ಲಿ ತಾಳ ಹಿಡಿದು ಕುಳಿತರೆ ಬೇರೆಯೇ. ಭಜನೆಯಲ್ಲಿ ಮುಂದೆ ಹಾಡುವವನು ಅವನೇ. ಅವನೊಂದು ಸಾಲು ಎತ್ತಿದರೆ ಉಳಿದವರು ಹಿಂದಿನಿಂದ "ಶಿವಾ" ಎಂದು ಎಳೆಯುತ್ತಿದ್ದರು. ಪದ ಏರಿದಂತೆ ಅಪ್ಪ ಕಣ್ಣು ಮುಚ್ಚಿ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ. ಹೆಣ್ಣುಮಕ್ಕಳು ಕಂಬದ ಆಚೆ ಕೂಡಬೇಕು. ಅಲ್ಲಿಂದ ನೋಡುತ್ತ ನನಗೆ ಹೊಟ್ಟೆ ಉರಿಯುತ್ತಿತ್ತು.

"ನಿಮ್ಮಪ್ಪನ ನಗಿ ಗುಡಿಗೆ ಮೀಸಲ ಅದ ಬೇ, ನಮಗ ಬರೇ ಗಂಟ್ ಮಾರಿ," ಅನ್ನುತ್ತಿದ್ದಳು ಅವ್ವ. ಸಾಯುವವರೆಗೂ ಅದನ್ನೇ ಅಂದಳು.

ಹೋದ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈಯೂ ಮಾತೂ ಉಳಿಯಲಿಲ್ಲ. ದೇವದುರ್ಗದ ನನ್ನ ಗಂಡನ ಮನೆಗೇ ಕರೆತಂದೆ. ನೀರು ಬೇಕೆಂದರೆ ಮಂಚ ಗುದ್ದುವುದು. ತಿಳಿಯದೆ ಗಂಜಿ ತಂದರೆ ಬಟ್ಟಲು ಗೋಡೆಗೆ. ಗೋಡೆ ಒರೆಸುತ್ತ ನಾನು ಬೇಡುತ್ತಿದ್ದದ್ದು ಒಂದೇ: ಹೋಗುವ ಮುಂಚೆ ಒಮ್ಮೆ ನನ್ನನ್ನು ಕರಿ ಯಪ್ಪಾ.

ಒಂದು ಮಧ್ಯಾಹ್ನ ಅವನ ಭಜನೆಯ ಗೆಳೆಯರು ಮಾನ್ವಿಯಿಂದ ನೋಡಲು ಬಂದರು. ಮಂಚದ ಸುತ್ತ ಕುಳಿತು ಅವನ ಮೆಚ್ಚಿನ ಪದ ಎತ್ತಿದರು. ಅಪ್ಪ ಬಾಯಿ ತೆರೆದು "ಶಿವಾ" ಎಂದ, ಸ್ಪಷ್ಟವಾಗಿ, ರಾಗವಾಗಿ. ಅದೇ ನಗು.

"ನೋಡವ್ವಾ, ಮಾತು ಹೋದ್ರೂ ಪದ ಹೋಗಿಲ್ಲ," ಎಂದು ಅವರಲ್ಲಿ ಹಿರಿಯರೊಬ್ಬರು ಅತ್ತರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ದೇವರಿಗಾದರೆ ನಾಲಿಗೆ ಇದೆ, ಮಗಳಿಗಿಲ್ಲವೇ? ಡಾಕ್ಟರಿಗೆ ಫೋನ್ ಮಾಡಿದೆ. "ಮಾತು ಹೋದವ್ರಿಗೂ ಒಮ್ಮೊಮ್ಮೆ ಹಾಡು ಬರ್ತದ್ರೀ. ಮಾತೂ ಬರ್ತದಂತ ಆಸಿ ಇಟ್ಕೋಬ್ಯಾಡ್ರಿ," ಎಂದರು.

ಆ ಸಿಟ್ಟಿನಲ್ಲೇ ಮರುದಿನ ಗಂಜಿ ಹಿಡಿದು ಅವನ ಪದದ ಧಾಟಿಯಲ್ಲಿ ಹಾಡಿದೆ: "ಗಂಜಿ ಕುಡೀತೀಯೇನೋ ಯಪ್ಪಾ, ತಣ್ಣಗಾಗ್ಯದ ಕುಡಿಯೋ." ಅಣಕಿಸಲೆಂದೇ ಹಾಡಿದ್ದು. ಅಪ್ಪ "ಶಿವಾ" ಎಂದು ಹಿಂದೆ ಹಾಡುವವರ ಸಾಲು ಹಿಡಿದು, ಗಂಜಿಗೆ ಬಾಯಿ ತೆರೆದ. ಆಮೇಲೆ ಬಟ್ಟಲು ಗೋಡೆಗೆ ಹೋಗಲಿಲ್ಲ. ಹಾಸಿಗೆ ಬದಲಿಸುವಾಗಲೂ ಬೆನ್ನಿನ ಹುಣ್ಣು ತೊಳೆಯುವಾಗಲೂ ನಾನು ಮುಂದೆ ಹಾಡಿದರೆ ಅವನು ಹಿಂದೆ. ಎಡಗೈಯಿಂದ ತೊಡೆ ತಟ್ಟುತ್ತಿದ್ದ. ಹುಣ್ಣು ಮಾಯಲಿಲ್ಲ, ಅದರ ವಾಸನೆಯೂ ಹೋಗಲಿಲ್ಲ. ಆದರೂ ಆ ಕೋಣೆಯಲ್ಲಿ ನನಗೆ ತಾನೇ ತಾನಾಗಿ ನಗು ಬರತೊಡಗಿತು. ಗುಡಿಯಲ್ಲಿ ಅವನಿಗೆ ಆಗುತ್ತಿದ್ದದ್ದೂ ಇದೇ ಇರಬೇಕು ಅನ್ನಿಸಿತು.

ಕೊನೆಗೆ ಅಪ್ಪನಿಗೆ ಉಸಿರು ಕಟ್ಟತೊಡಗಿತು. ತಡೆಯಲಾರದೆ, "ನಾ ಯಾರೋ ಯಪ್ಪಾ, ನಾ ಯಾರೋ," ಎಂದು ಹಾಡಿದೆ. ಹಾಡುವಾಗ ಯಾವತ್ತೂ ಕಣ್ಣು ಮುಚ್ಚುತ್ತಿದ್ದ ಅಪ್ಪ ಕಣ್ಣು ತೆರೆದ. ನನ್ನ ಮುಖವನ್ನೇ ನೋಡಿ ನಕ್ಕು "ಶಿವಾ" ಎಂದ.

ಮಾನ್ವಿಗೆ ತಂದ ಅಪ್ಪನ ಹೆಣವನ್ನು ಕೂಡಿಸಿ, ವಿಭೂತಿ ಹಚ್ಚಿ, ಹೂ ಹಾಕಿದರು. ಗೆಳೆಯರು ತಾಳ ಹಿಡಿದು ಕುಳಿತಿದ್ದರು. ಮುಂದೆ ಹಾಡುವವನೇ ಇಲ್ಲ. ನಾನು ಯಾರನ್ನೂ ಕೇಳದೆ ಗಂಡಸರ ನಡುವೆ ಕುಳಿತು ಪದ ಎತ್ತಿದೆ. ಎತ್ತಿ, ರೂಢಿಯಂತೆ ಅವನ ಮುಖ ನೋಡುತ್ತ ಕಾದೆ. ಹಿಂದಿನಿಂದ "ಶಿವಾ" ಬರಲಿಲ್ಲ. ತಾಳ ಹಿಡಿದವರೂ ತಲೆ ತಗ್ಗಿಸಿದ್ದರು. ಅದನ್ನೂ ನಾನೇ ಹಾಡಿದೆ.